ಗರಿಕೆಗೆ ಬಾಯಾರಲು ಬಿಡಿ

ಏಪ್ರಿಲ್ ಬಂತೆಂದರೆ ಬೆಂಗಳೂರಿನಿಂದ ತಂಗಿಯ ಫೋನು ತಪ್ಪಿದ್ದಲ್ಲ. ಅವಳ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನಲ್ಲಿ ತೋಟದ ಉಸ್ತುವಾರಿ ಅವಳದು. "ಅಕ್ಕಾ, ಲಾನೆಲ್ಲ ಕೆಂಪಗಾಗಿ ಸತ್ತುಹೋಗ್ತಿದೆ ಕಣೇ. ಟ್ಯಾಂಕರ್ ತರಿಸ್ಲಾ? ಏನಾದ್ರೂ ಗೊಬ್ಬರ ಹಾಕಿಸ್ಲಾ?" ಎನ್ನುತ್ತಾಳೆ. ಏನೂ ಬೇಡ, ಮಳೆ ಬರೋ ತನಕ ಸುಮ್ಮನಿರು ಎನ್ನುತ್ತೇನೆ. ಬಾಟನಿ ಪಾಠ ಮಾಡುವ ಅಕ್ಕ ಹೇಳುವುದು ಇಷ್ಟೇನಾ ಎಂದು ಅವಳಿಗೆ ಬೇಜಾರು.

ಉಡಾಫೆಗೆ ಹೇಳುವ ಮಾತಲ್ಲ ಅದು. ಆ ಲಾನಿನಲ್ಲಿರುವುದು ಗರಿಕೆ. ನರ್ಸರಿಯವನು ಬರ್ಮುಡಾ ಎಂದು ಬಿಲ್ ಹಾಕಿರಬಹುದು, ಗಾಲ್ಫ್ ಮೈದಾನದವರು ಇನ್ನೊಂದು ಹೆಸರು ಹೇಳಬಹುದು. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಅದು ಸೈನೋಡಾನ್ ಡಾಕ್ಟಿಲಾನ್. ನಮ್ಮ ಹೊಲದ ಬದುವಿನಲ್ಲಿ, ರೈಲು ಹಳಿಯ ಜಲ್ಲಿ ಮಧ್ಯೆ, ಬಸ್ ಸ್ಟ್ಯಾಂಡಿನ ಹಿಂದೆ ಎಮ್ಮೆ ಮೇಯುವ ಜಾಗದಲ್ಲಿ ಇರುವುದೂ ಅದೇ. ಧಾರವಾಡ, ಗದಗದ ಎರೆ ಹೊಲದವರು ಕರಕಿ ಎಂದು ಶಪಿಸುತ್ತಾ ಮೊಳಗಟ್ಟಲೆ ಆಳಕ್ಕೆ ಅಗೆದು ತೆಗೆದರೂ ಮರುವರ್ಷ ಮತ್ತೆ ಹಾಜರಾಗುವ ಹುಲ್ಲು. ಇಂಥದ್ದು ಒಂದು ಬೇಸಿಗೆಗೆ ಸತ್ತುಹೋಗುತ್ತದೆ ಎಂದು ನಂಬಲು ತುಸು ಧೈರ್ಯವೇ ಬೇಕು.

ನೀರು ಕಡಿಮೆಯಾದಾಗ ಗರಿಕೆಯ ಒಳಗೆ ನಡೆಯುವುದು ದೊಡ್ಡ ಗದ್ದಲ. ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಏರುತ್ತದೆ, ಎಲೆಯ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಎಲೆ ಉದ್ದಕ್ಕೆ ಮಡಿಚಿಕೊಂಡು ಬಿಸಿಲಿಗೆ ಒಡ್ಡುವ ಮೈಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ಇದರ ಜೊತೆಗೇ ಕೋಶದೊಳಗೆ ಕೆಲವು ಜೀನ್‌ಗಳು ಎಚ್ಚರಗೊಳ್ಳುತ್ತವೆ. ಮೊದಲು ಏಳುವವು ಮೇಸ್ತ್ರಿಗಳು. ಇವು ಸ್ವತಃ ಗಾರೆ ಕಲಸುವುದಿಲ್ಲ. ಯಾರು ಯಾವಾಗ ಕೆಲಸಕ್ಕೆ ಇಳಿಯಬೇಕೆಂದು ಹೇಳುತ್ತವೆ. ಡ್ರೆಬ್, ನ್ಯಾಕ್, ಡಬ್ಲ್ಯುಆರ್‌ಕೆವೈ ಎಂದೆಲ್ಲ ಇವುಗಳ ಹೆಸರು. ಡಬ್ಲ್ಯು, ಆರ್, ಕೆ, ವೈ ಎನ್ನುವುದು ನಾಲ್ಕು ಅಮೈನೊ ಆಮ್ಲಗಳ ಸಂಕೇತ. ಆ ನಾಲ್ಕು ಅದೇ ಸಾಲಿನಲ್ಲಿ ಕೂತಿರುವ ಪ್ರೋಟೀನುಗಳೆಲ್ಲ ಒಂದು ಕುಟುಂಬ. ಈ ಕುಟುಂಬದ ಮೊದಲ ಸದಸ್ಯ 1994ರಲ್ಲಿ ಸಿಹಿಗೆಣಸಿನಲ್ಲಿ ಪತ್ತೆಯಾಯಿತು. ಆಮೇಲೆ ಹುಡುಕಿದ ಗಿಡದಲ್ಲೆಲ್ಲ ಸಿಕ್ಕಿತು. ಭತ್ತ ಒಂದರಲ್ಲೇ ಈ ಕುಟುಂಬಕ್ಕೆ ನೂರರ ಆಸುಪಾಸು ಮಂದಿ.

ಮೇಸ್ತ್ರಿ ಕೂಗಿದ ಮೇಲೆ ಕೆಲಸದವರು ಬರಬೇಕಲ್ಲ. ಅವರಲ್ಲಿ ನನಗೆ ತುಂಬ ಇಷ್ಟವಾದದ್ದು ಎಲ್‌ಇಎ ಎಂಬ ಪ್ರೋಟೀನುಗಳ ಕುಟುಂಬ. 1981ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಲಿಯಾನ್ ಡ್ಯೂರ್ ಅವರ ತಂಡ ಹತ್ತಿ ಬೀಜದಲ್ಲಿ ಇವನ್ನು ಕಂಡಿತು. ಬೀಜ ಬಲಿತು ಒಣಗುವ ಕೊನೆಯ ಹಂತದಲ್ಲಿ ಇವು ರಾಶಿ ರಾಶಿ ಹುಟ್ಟುತ್ತವೆ. ಉಳಿದ ಪ್ರೋಟೀನುಗಳು ಒಂದು ನಿಶ್ಚಿತ ಆಕಾರಕ್ಕೆ ಮಡಿಚಿಕೊಂಡರೆ ಇವುಗಳಲ್ಲಿ ಬಹಳಷ್ಟಕ್ಕೆ ಅಂಥ ಆಕಾರವೇ ಇಲ್ಲ. ಸಡಿಲವಾಗಿ ಹರಡಿಕೊಂಡು, ನೀರು ಇಳಿದುಹೋದ ಕೋಶದಲ್ಲಿ ಪೊರೆಗಳು, ಬೇರೆ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಹಾಳಾಗದಂತೆ ಕಾಯುತ್ತವೆ. ಒಣಗಿಯೂ ಸಾಯದೆ ಇರುವ ವಿದ್ಯೆ ಮೂಲತಃ ಬೀಜದ್ದು. ಗರಿಕೆಯಂಥ ಹುಲ್ಲು ಅದನ್ನು ಬೇಸಿಗೆಯಲ್ಲಿ ತನ್ನ ಎಲೆ ಕಾಂಡಗಳಲ್ಲೂ ಬಳಸುತ್ತದೆ. ಬಿಸಿಲ ಝಳಕ್ಕೆ ಇನ್ನೊಂದು ಕುಟುಂಬವಿದೆ, ಶಾಖಾಘಾತದ ಪ್ರೋಟೀನುಗಳದ್ದು. ಅದರ ಕಥೆ ಶುರುವಾದದ್ದು ಹುಲ್ಲಿನಲ್ಲಲ್ಲ, ಹಣ್ಣುನೊಣದಲ್ಲಿ. ಪ್ರಯೋಗಾಲಯದಲ್ಲಿ ಯಾರೋ ಇನ್‌ಕ್ಯುಬೇಟರಿನ ಉಷ್ಣತೆ ಏರಿಸಿಬಿಟ್ಟಿದ್ದರು. ನೊಣದ ವರ್ಣತಂತು ಅಲ್ಲಲ್ಲಿ ಊದಿಕೊಂಡದ್ದನ್ನು ಕಂಡ ಇಟಲಿಯ ಫೆರುಚ್ಚಿಯೊ ರಿತೋಸಾ ಅದನ್ನು ಕಡೆಗಣಿಸದೆ 1962ರಲ್ಲಿ ಬರೆದು ಪ್ರಕಟಿಸಿದರು.

ಇಷ್ಟೆಲ್ಲ ಏರ್ಪಾಡು ಮಾಡಿಕೊಂಡ ಹುಲ್ಲು ಕೊನೆಗೆ ಎಲೆಯನ್ನು ಬಿಟ್ಟುಕೊಡುತ್ತದೆ. ನೀರು ಖರ್ಚು ಮಾಡುವ ಭಾಗವೇ ಎಲೆ. ಮಣ್ಣೊಳಗಿನ ಕಾಂಡ, ಬಳ್ಳಿಯ ಗೆಣ್ಣು, ಅಲ್ಲಿರುವ ಮೊಗ್ಗು ಇಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಒಣಗಲು ಬಿಡುತ್ತದೆ. ನಿಮಗೆ ಕಾಣುವ ಆ ಕೆಂಪು ಬಣ್ಣ ಸಾವಿನ ಸುದ್ದಿಯಲ್ಲ, ತೀರ್ಮಾನ. ಆ ತೀರ್ಮಾನವನ್ನು ನಾವು ದಿನಾ ಸಂಜೆ ಪೈಪು ಹಿಡಿದು ರದ್ದು ಮಾಡುತ್ತೇವೆ. ಒಂದು ಸಾವಿರ ಚದರ ಮೀಟರ್ ಲಾನಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಹಾಯಿಸಿದರೆ 5000 ಲೀಟರ್ ಆಯಿತು, ಹೆಚ್ಚುಕಡಿಮೆ ಒಂದು ಸಣ್ಣ ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಗಳಿಗೆ ಬಳಸಿದರೆ 5000 ರೂಪಾಯಿ ದಂಡ ಎಂದು ಆದೇಶ ಹೊರಡಿಸಬೇಕಾಯಿತು. ದಂಡದ ಭಯಕ್ಕಿಂತ ಮೊದಲು ಹುಲ್ಲಿನ ಮೇಲೆ ಒಂದಿಷ್ಟು ನಂಬಿಕೆ ಇದ್ದಿದ್ದರೆ ಸಾಕಿತ್ತು.

ಲಾನಿನ ಮಾಲೀಕರನ್ನು ಮಾತ್ರ ಬೈದು ಸುಮ್ಮನಾದರೆ ಅನ್ಯಾಯ. ಗರಿಕೆಗೆ ಬಾಯಾರಲು ಬಿಡದವರಲ್ಲಿ ನಮ್ಮ ಕಸುಬಿನವರೂ ಇದ್ದಾರೆ.

ಕಳೆದ ಕೆಲವು ವರ್ಷಗಳಲ್ಲಿ ಲಾನ್ ಹುಲ್ಲುಗಳ ಜೀನೋಮ್‌ಗಳು ಒಂದೊಂದಾಗಿ ಹೊರಬಂದಿವೆ. ಜೊಯ್ಸಿಯಾ ಹುಲ್ಲಿನದು 2016ರಲ್ಲಿ ಜಪಾನಿನಿಂದ ಬಂತು. ಗರಿಕೆಯ ಆಫ್ರಿಕದ ದಾಯಾದಿಯದು 2021ರಲ್ಲಿ. ಆಮೇಲಿಂದ ಶುರುವಾಯಿತು ಪೇಪರುಗಳ ಸುಗ್ಗಿ. ಇಂಥ ಹುಲ್ಲಿನಲ್ಲಿ ಡಬ್ಲ್ಯುಆರ್‌ಕೆವೈ ಕುಟುಂಬ, ಇಂಥದ್ದರಲ್ಲಿ ನ್ಯಾಕ್ ಕುಟುಂಬ, ಇನ್ನೊಂದರಲ್ಲಿ ಶಾಖಾಘಾತದ ಕುಟುಂಬ. ಅಡುಗೆ ವಿಧಾನ ಒಂದೇ. ಜೀನೋಮ್ ಇಳಿಸಿಕೊಳ್ಳುವುದು, ಕಂಪ್ಯೂಟರಿಗೆ ಕುಟುಂಬದ ಲಕ್ಷಣ ಕೊಟ್ಟು ಹುಡುಕಿಸುವುದು, ಸಿಕ್ಕವಕ್ಕೆ ಒಂದು, ಎರಡು, ಮೂರು ಎಂದು ನಂಬರು ಕೊಡುವುದು, ಬಣ್ಣಬಣ್ಣದ ವಂಶವೃಕ್ಷ, ಯಾವ ವರ್ಣತಂತುವಿನಲ್ಲಿ ಯಾರಿದ್ದಾರೆ ಎಂಬ ನಕ್ಷೆ, ಕೊನೆಗೆ ಕೆಂಪು ನೀಲಿ ಚೌಕಗಳ ಒಂದು ಹೀಟ್‌ಮ್ಯಾಪ್. "ಈ ಜೀನ್‌ಗಳು ಒತ್ತಡ ಸಹಿಷ್ಣುತೆಯಲ್ಲಿ ಪಾತ್ರ ವಹಿಸಿರಬಹುದು" ಎಂಬರ್ಥದ ಒಂದು ವಾಕ್ಯದೊಂದಿಗೆ ಮುಕ್ತಾಯ. ಕೈಗೆ ಮಣ್ಣು ಅಂಟುವುದಿಲ್ಲ. ಬಡ್ತಿಗೆ ಪಾಯಿಂಟು ಸಿಗುತ್ತದೆ.

ಈ ಎಣಿಕೆ ವ್ಯರ್ಥ ಎನ್ನುತ್ತಿಲ್ಲ. ಪಟ್ಟಿ ಬೇಕು. ಆದರೆ ಪಟ್ಟಿ ಎಷ್ಟು ಉದ್ದವಿದೆ ಎಂಬುದರಿಂದ ಗರಿಕೆಯ ಗಟ್ಟಿತನ ತಿಳಿಯುವುದಿಲ್ಲ. ಸಾಮಾನ್ಯ ಗರಿಕೆ ಚತುರ್ಗುಣಿತ, ಅಂದರೆ ಒಂಬತ್ತರ ನಾಲ್ಕು ಕಂತೆ, 36 ವರ್ಣತಂತುಗಳು. ಪ್ರತಿ ಜೀನಿಗೂ ಹಲವು ನಕಲು ಇದ್ದೇ ಇರುತ್ತದೆ. ಆ ನಕಲುಗಳಲ್ಲಿ ಕೆಲವು ಕಾಲಾಂತರದಲ್ಲಿ ಕೆಟ್ಟು ಸುಮ್ಮನಾಗಿರುತ್ತವೆ, ಕೆಲವು ಹಳೆಯ ಕೆಲಸವನ್ನೇ ಮುಂದುವರಿಸುತ್ತವೆ, ಎಲ್ಲೋ ಒಂದೆರಡು ಹೊಸ ಕೆಲಸ ಹಿಡಿದಿರುತ್ತವೆ. ಯಾವುದು ಯಾವಾಗ ಏಳುತ್ತದೆ, ಯಾವುದು ಎಷ್ಟು ಹೊತ್ತು ಎದ್ದಿರುತ್ತದೆ ಎನ್ನುವುದು ತಿಳಿಯಬೇಕಾದರೆ ಗಿಡವನ್ನು ನಿಜವಾಗಿ ಬಾಯಾರಿಸಬೇಕು.

ಹೋದ ವರ್ಷ ನಮ್ಮ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟಿಗೆ ಇದೇ ವಿಷಯ ಹಿಡಿದು ಬಂದಳು. ಚಂದದ ವಂಶವೃಕ್ಷ ಮಾಡಿದ್ದಳು. "ಬರಗಾಲದ ಪ್ರಯೋಗ ಹೇಗೆ ಮಾಡಿದೆಯಮ್ಮಾ?" ಎಂದೆ. "ಪಿಇಜಿ ಹಾಕಿದೆ ಮ್ಯಾಮ್" ಎಂದಳು. ಪಾಲಿಇಥಿಲೀನ್ ಗ್ಲೈಕಾಲ್ ಮೇಣದಂಥ ಬಿಳಿ ಪುಡಿ. ನೀರಿನಲ್ಲಿ ಕರಗಿಸಿ ಎಳೆಯ ಸಸಿಯ ಬೇರನ್ನು ಅದರಲ್ಲಿ ಇಟ್ಟರೆ ಸುತ್ತ ನೀರಿದ್ದೂ ಬೇರಿಗೆ ಎಳೆದುಕೊಳ್ಳಲಾಗುವುದಿಲ್ಲ. ಎಲ್ಲ ಪೇಪರುಗಳಲ್ಲೂ ಹೀಗೇ ಮಾಡುತ್ತಾರೆ, ಅವಳದೇನೂ ತಪ್ಪಿಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ಬಂದೆರಗುವ ಆ ಬರ ನಮ್ಮ ಚಿತ್ರದುರ್ಗದ ಬರವಲ್ಲ. ಇಲ್ಲಿ ಮಣ್ಣು ಮೇಲಿಂದ ಕೆಳಗೆ ದಿನದಿನವೂ ಸ್ವಲ್ಪ ಸ್ವಲ್ಪ ಒಣಗುತ್ತಾ ಹೋಗುತ್ತದೆ, ಬೇರು ಅದರ ಹಿಂದೆ ಇಳಿಯುತ್ತಾ ಹೋಗುತ್ತದೆ. ತಟ್ಟೆಯಲ್ಲಿರುವ ಸಸಿಗೆ ಇಳಿಯಲು ಕೆಳಗೆ ಏನಿದೆ?

ಹಾಗಾಗಿ ಅವಳ ಕೈಲಿ ಪೈಪಿನ ಪ್ರಯೋಗ ಮಾಡಿಸಿದೆ. ಒಂದು ಮೀಟರ್ ಉದ್ದದ ನಾಲ್ಕಿಂಚಿನ ಪಿವಿಸಿ ಪೈಪು ತಂದು ಉದ್ದಕ್ಕೆ ಸೀಳಿ, ಎರಡು ಹೋಳನ್ನು ಮತ್ತೆ ಜೋಡಿಸಿ ಬೈಂಡಿಂಗ್ ವೈರಿನಲ್ಲಿ ಬಿಗಿದು, ತಳಕ್ಕೆ ಸೊಳ್ಳೆಪರದೆ ಕಟ್ಟಿ, ಜರಡಿ ಹಿಡಿದ ಕೆಮ್ಮಣ್ಣು ಮರಳು ಬೆರೆಸಿ ತುಂಬುವುದು. ಇಂಥ ಪೈಪುಗಳನ್ನು ಕಾಲೇಜಿನ ತಾರಸಿಯ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಒಂದಷ್ಟಕ್ಕೆ ನರ್ಸರಿಯ ಲಾನ್ ಹುಲ್ಲು, ಇನ್ನೊಂದಷ್ಟಕ್ಕೆ ನಮ್ಮ ಮೈದಾನದ ಗೋಲುಕಂಬದ ಹಿಂದೆ ಯಾರೂ ನೀರು ತೋರಿಸದ ಜಾಗದ ಗರಿಕೆ. ಬೇರು ಹಿಡಿಯುವ ತನಕ ನೀರು, ಆಮೇಲೆ ನಿಲ್ಲಿಸಿಬಿಟ್ಟೆವು. ಕಾಲೇಜಿನ ಮಾಲಿ ದಿನಾ ಬಂದು ಇಣುಕಿ ನೋಡಿ ನಗುತ್ತಿದ್ದ. "ಇದು ಸಾಯಕಿಲ್ಲ ಬಿಡ್ರಿ ಮೇಡಮ್ನೋರೆ. ನಾನು ಕಳೆನಾಶಕ ಹೊಡ್ದೇ ಸಾಯ್ಸಕಾಗಿಲ್ಲ" ಎನ್ನುತ್ತಿದ್ದ.

ವೈರು ಕತ್ತರಿಸಿ ಪೈಪು ಬಿಡಿಸಿದ ದಿನ ಹುಡುಗಿ ಕುಕ್ಕರುಗಾಲಲ್ಲಿ ಕೂತು ಸಣ್ಣಗೆ ನೀರು ಬಿಟ್ಟು ಮಣ್ಣು ತೊಳೆದಳು. ನರ್ಸರಿ ಹುಲ್ಲಿನ ಬೇರು ಮೇಲಿನ ಅರ್ಧದಲ್ಲೇ ಪೊದೆಯಾಗಿ ನಿಂತಿತ್ತು. ಗೋಲುಕಂಬದ ಹಿಂದಿನದು ಮೇಲೆ ವಿರಳ, ಆದರೆ ತಳದ ಸೊಳ್ಳೆಪರದೆ ಮುಟ್ಟಿ, ಅಲ್ಲಿ ದಾರಿ ಕಾಣದೆ ಸುರುಳಿ ಸುತ್ತಿಕೊಂಡಿತ್ತು. ಎರಡರ ಎಲೆಗಳೂ ಹೊರಗೆ ಒಂದೇ ಥರ ಕಂದಿದ್ದವು. ಒಂದು ಕಾಲೇಜಿನ ತಾರಸಿಯ ಕೆಲಸದಿಂದ ಏನನ್ನೋ ಸಾಧಿಸಿ ತೋರಿಸಿದೆ ಎಂದು ನಾನು ಹೇಳಲಾರೆ. ಆದರೆ ಆ ಬೇರಿನ ತುದಿಯಿಂದ ಆರ್‌ಎನ್‌ಎ ತೆಗೆದು ಯಾವ ಮೇಸ್ತ್ರಿ ಎದ್ದಿದ್ದ ಎಂದು ನೋಡುವುದು ನನ್ನ ಪ್ರಕಾರ ನಿಜವಾದ ಪ್ರಶ್ನೆ. ಎಲೆಯಲ್ಲಿ ನೋಡಿದ್ದರೆ ಎರಡೂ ಒಂದೇ ಎಂದು ಬರೆದು ಮುಗಿಸುತ್ತಿದ್ದೆವು.

ಇನ್ನೊಂದು ತಕರಾರು ಇದೆ. ಗರಿಕೆಯ ಮೇಲಿನ ಸಂಶೋಧನೆಗೆ ಹೆಚ್ಚಿನ ದುಡ್ಡು ಬರುವುದು ಅಮೆರಿಕ, ಚೀನಾಗಳಲ್ಲಿ. ಅಲ್ಲಿ ಲಾನಿನವರ ದೊಡ್ಡ ಚಿಂತೆ ಚಳಿ. ಹಿಮ ಬಿದ್ದರೆ ಗರಿಕೆ ಕಂದುತ್ತದೆ, ಕೆಲವು ಕಡೆ ಸತ್ತೇ ಹೋಗುತ್ತದೆ. ಹಾಗಾಗಿ ಚಳಿಗೆ ಏಳುವ ಜೀನ್‌ಗಳ ಬಗ್ಗೆ ಬೇಕಾದಷ್ಟು ಕೆಲಸ ನಡೆದಿದೆ. ಅದು ಅವರ ಕಷ್ಟ, ಅವರು ಮಾಡಲಿ. ನಾವೂ ಅದೇ ಪಟ್ಟಿಯನ್ನು ನಕಲು ಹೊಡೆದು, ಫ್ರಿಜ್ಜಿನಂಥ ಪೆಟ್ಟಿಗೆಯಲ್ಲಿ 4 ಡಿಗ್ರಿಗೆ ಗರಿಕೆ ಇಟ್ಟು ಪೇಪರು ಬರೆಯುವುದು ಯಾಕೆ? ನಮ್ಮದು ಮಾರ್ಚ್‌ನಿಂದ ಮೇ ತನಕದ ಬಿಸಿಲು, ತುಂಗಭದ್ರಾ ಕಾಲುವೆ ಬಯಲಿನ ಸೌಳು ಮಣ್ಣು. ಆ ಉಪ್ಪಿಗೂ ಗರಿಕೆಯಲ್ಲಿ ಉತ್ತರವಿದೆ: ಎಲೆಯ ಮೇಲೆ ಎರಡೇ ಕೋಶಗಳ ಪುಟ್ಟ ಗ್ರಂಥಿಗಳಿವೆ, ಒಳಗೆ ಬಂದ ಉಪ್ಪನ್ನು ಅವು ಹೊರಕ್ಕೆ ಹಾಕುತ್ತವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸೌಳು ಮಣ್ಣಿನ ಮೇಲೆಯೇ ಕೆಲಸ ಮಾಡುತ್ತದೆ. ಆ ಬಯಲಿನ ಬದುಗಳಲ್ಲಿ ತಾನಾಗಿ ಬೆಳೆದ ಗರಿಕೆಯನ್ನು ಯಾವ ಗ್ರೋತ್ ಚೇಂಬರೂ ಸೃಷ್ಟಿಸಲಾರದು.

ದೊಡ್ಡ ಕೆಲಸ ಮಾಡಿದವರು ಹೇಗೆ ಮಾಡಿದರೆಂದು ನೋಡಿ. ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ 1936ರಲ್ಲಿ ಜಾರ್ಜಿಯಾದ ಟಿಫ್ಟನ್ ಎಂಬ ಊರಿಗೆ ಬಂದವರು, ಕೊನೆಯ ತನಕ ಅಲ್ಲೇ ಇದ್ದರು. ಪ್ರಪಂಚದ ಗಾಲ್ಫ್ ಮೈದಾನ, ಕ್ರೀಡಾಂಗಣಗಳ ಹುಲ್ಲಿನ ಹೆಸರುಗಳು ಟಿಫ್ ಎಂದು ಶುರುವಾಗುವುದು ಆ ಊರಿಂದಾಗಿ. ಅವರ ಟಿಫ್‌ವೇ ತಳಿಯ ಮೂಲ 1954ರಲ್ಲಿ ಜೊಹಾನ್ಸ್‌ಬರ್ಗಿನಿಂದ ಬಂದ ಆಫ್ರಿಕದ ಗರಿಕೆಯ ಬೀಜದಲ್ಲಿ ಅಕಸ್ಮಾತ್ತಾಗಿ ಹುಟ್ಟಿದ ಒಂದು ಮಿಶ್ರ ಸಸಿ, 1960ರಲ್ಲಿ ಬಿಡುಗಡೆಯಾಯಿತು. ತ್ರಿಗುಣಿತ, 27 ವರ್ಣತಂತು, ಬೀಜವಾಗುವುದಿಲ್ಲ, ಬಳ್ಳಿಯ ತುಂಡಿನಿಂದಲೇ ವಂಶ. ಎಷ್ಟು ದೇಶಗಳ ಎಷ್ಟು ಮೈದಾನಗಳಲ್ಲಿ ಹರಡಿದ್ದರೂ ಅದು ಒಂದೇ ಗಿಡ. ಅದೇ ಟಿಫ್ಟನ್ನಿನಿಂದ ತೀರ ಈಚೆಗೆ ಬಂದ ಟಿಫ್‌ಟಫ್ ಎಂಬ ಬರ ತಾಳುವ ತಳಿಯನ್ನು ಆರಿಸಿದ್ದು ಜೀನ್ ಪಟ್ಟಿ ನೋಡಿಕೊಂಡಲ್ಲ. ರಾಶಿ ಸಸಿಗಳನ್ನು ಹೊಲದಲ್ಲಿ ನೆಟ್ಟು, ನೀರು ತಪ್ಪಿಸಿ, ವರ್ಷಗಟ್ಟಲೆ ಕಾದು ನೋಡಿದರು.

ಬರ್ಟನ್ ನಮಗೂ ದೂರದವರಲ್ಲ. ಅವರ ಟಿಫ್ಟ್ 23ಎ ಎಂಬ ಗಂಡುಬಂಜೆ ಸಜ್ಜೆ ಸಾಲನ್ನು ಬಳಸಿ ಲುಧಿಯಾನದಲ್ಲಿ ಅಠವಾಲ್ ಅವರು 1965ರಲ್ಲಿ ಎಚ್‌ಬಿ-1 ಹೈಬ್ರಿಡ್ ಸಜ್ಜೆ ತಂದರು. ಇಳುವರಿ ಏರಿತು. ಎಪ್ಪತ್ತರ ದಶಕದ ಶುರುವಿನಲ್ಲಿ ಬೂಜುರೋಗ ಬಂದು ಆ ಸಾಲಿನ ಹೈಬ್ರಿಡ್‌ಗಳನ್ನು ದೇಶದ ಉದ್ದಗಲಕ್ಕೂ ಮಲಗಿಸಿತು. ಒಂದೇ ತಾಯಿಯನ್ನು ನೆಚ್ಚಿಕೊಂಡದ್ದರ ಬೆಲೆ ಅದು. ಒಂದೇ ಗಿಡದ ತುಂಡುಗಳನ್ನು ಊರ ತುಂಬ ಹಾಸುವ ಲಾನ್ ಕಂಟ್ರಾಕ್ಟರುಗಳಿಗೆ ಈ ಕಥೆ ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಕೃಷಿ ವಿಶ್ವವಿದ್ಯಾಲಯಗಳಿಗೆ ಗೊತ್ತಿದೆ.

ನಮ್ಮಲ್ಲಿ ಒಂದೇ ಗರಿಕೆ ಇಲ್ಲ. ಕರಾವಳಿಯ ಉಪ್ಪುಗಾಳಿಯದು ಒಂದು, ರಾಯಚೂರಿನ ಕಲ್ಲುಹಾಸಿನದು ಇನ್ನೊಂದು, ಬಳ್ಳಾರಿಯ ಗಣಿ ಧೂಳಿನದು ಮತ್ತೊಂದು. ಅಲ್ಲಲ್ಲಿ ಸಾವಿರಾರು ಬೇಸಿಗೆ ಕಂಡು ಉಳಿದವು. ಇವನ್ನು ಜಿಲ್ಲೆಜಿಲ್ಲೆಯಿಂದ ತಂದು ಒಂದು ಕಡೆ ನೆಟ್ಟು, ನೀರು ತಪ್ಪಿಸಿ, ಮಾರ್ಚ್‌ನಿಂದ ಜೂನ್ ತನಕ ನೋಡುವ ಹೊಲ ನಮಗೆ ಬೇಕು. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಧಾರವಾಡದಲ್ಲೇ ಇದೆ. ಇದಕ್ಕಿಂತ ತಕ್ಕ ಜಾಗ ಎಲ್ಲಿ ಸಿಗಬೇಕು. ತಡ ಮಾಡುವಂತಿಲ್ಲ. ನಮ್ಮ ಜಿಲ್ಲೆಯ ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು ಕಳೆದ ಹದಿನೈದು ವರ್ಷಗಳಲ್ಲಿ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಬೇಲಿಯೊಳಗೆ ಹೋಯಿತು. ವಿಜ್ಞಾನಕ್ಕೂ ಜಾಗ ಬೇಕು, ಒಪ್ಪುತ್ತೇನೆ. ಇನ್ನು ಮುಂದೆ ಯಾವ ಕಾವಲಿಗೆ, ಯಾವ ಗೋಮಾಳಕ್ಕೆ ಜೆಸಿಬಿ ಇಳಿಯುವ ಮೊದಲೂ ಅಲ್ಲಿನ ಹುಲ್ಲಿನ ಒಂದೊಂದು ಬುಡ ಎತ್ತಿಡಬೇಕೆಂಬ ನಿಯಮ ಆಗಲಿ.

ಲಾನಿಗಾಗಿ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ರಾಗಿ ಎಂದರೆ ಸಾಕು. ರಾಗಿ, ಗರಿಕೆ ಎರಡೂ ಒಂದೇ ಉಪಪಂಗಡದ ಹುಲ್ಲುಗಳು, ರಕ್ತಸಂಬಂಧಿಗಳು. ರಾಗಿಗೂ ಒಂಬತ್ತರ ನಾಲ್ಕು ಕಂತೆ, 36 ವರ್ಣತಂತು. ಎರಡೂ ಬಿಸಿಲನ್ನು ಚೆನ್ನಾಗಿ ಬಳಸುವ ಸಿ-4 ಪದ್ಧತಿಯವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ ಎಂಎಲ್-365 ರಾಗಿಯ ಜೀನೋಮ್ ಕರಡನ್ನು 2017ರಲ್ಲಿ ಪ್ರಕಟಿಸಿದೆ. ಗರಿಕೆಯ ಬೇರಿನಲ್ಲಿ ಮೇ ತಿಂಗಳಿನಲ್ಲಿ ಎಚ್ಚರವಿರುವ ಜೀನ್ ಯಾವುದೆಂದು ಗೊತ್ತಾದರೆ, ಅದರ ಜೋಡಿಯನ್ನು ರಾಗಿಯಲ್ಲಿ ಹುಡುಕಲು ದೂರ ಹೋಗಬೇಕಿಲ್ಲ. ಗಾಲ್ಫ್ ಆಡುವವರ ದುಡ್ಡಿನಲ್ಲಿ ಬೆಳೆದ ಈ ವಿಜ್ಞಾನದಿಂದ ರಾಗಿ ಮುದ್ದೆಗೆ ಏನಾದರೂ ದಕ್ಕುವುದಿದ್ದರೆ ಅದು ಈ ದಾರಿಯಲ್ಲಿ.

ಹಾಗಾಗಿ ಧನಸಹಾಯ ಕೊಡುವವರಿಗೆ, ಪ್ರಬಂಧ ಒಪ್ಪುವ ಸಮಿತಿಗಳಿಗೆ ನನ್ನ ಕೋರಿಕೆ ಸಣ್ಣದು. ಜೀನ್ ಕುಟುಂಬದ ಕೆಲಸಕ್ಕೆ ಅನುಮತಿ ಕೊಡುವಾಗ, ಮಣ್ಣಿನಲ್ಲಿ ನಿಧಾನವಾಗಿ ಒಣಗಿಸಿದ ಗಿಡದ ಬೇರಿನ ಒಂದು ಪ್ರಯೋಗವಾದರೂ ಇರಬೇಕೆಂದು ಷರತ್ತು ಹಾಕಿ. ಪೈಪು, ವೈರು, ಸೊಳ್ಳೆಪರದೆಗೆ ತಗಲುವ ಖರ್ಚು ಜರ್ನಲ್ಲುಗಳು ವಸೂಲು ಮಾಡುವ ಪ್ರಕಟಣಾ ಶುಲ್ಕದ ಮುಂದೆ ಏನೇನೂ ಅಲ್ಲ.

ಲಾನ್ ಇಟ್ಟುಕೊಂಡವರಿಗೂ ಎರಡು ಮಾತು. ಹೊಸದಾಗಿ ಹಾಸಿದ ಹುಲ್ಲಿಗೆ ಬೇರು ಇಳಿಯುವ ತನಕ ನೀರು ಬೇಕೇ ಬೇಕು. ಆಟಗಾರರು ದಿನಾ ತುಳಿಯುವ ಮೈದಾನದ ಹುಲ್ಲನ್ನು ಮಲಗಲು ಬಿಟ್ಟರೆ ಅದು ತುಳಿತದಿಂದ ಚೇತರಿಸಿಕೊಳ್ಳಲಾರದು, ಅಲ್ಲಿಗೆ ಸಂಸ್ಕರಿಸಿದ ನೀರು ಹೋಗಲಿ. ಮರದ ನೆರಳಿಗೆಂದು ಹಾಕಿಸಿದ ಅಗಲ ಎಲೆಯ ಹುಲ್ಲುಗಳಿಗೆ ಗರಿಕೆಯ ಎದೆಗಾರಿಕೆ ಇಲ್ಲ. ಇವನ್ನು ಬಿಟ್ಟು ಮಿಕ್ಕ ಗರಿಕೆ ಲಾನಿಗೆ ಚಳಿ ಕಳೆಯುತ್ತಿದ್ದಂತೆ ದಿನದಿನದ ಚಿಮುಕಿಸುವಿಕೆ ನಿಲ್ಲಿಸಿ, ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಡಿ. ಬೇರು ಕೆಳಗೆ ಹೋಗಲಿ. ಮೆಷಿನ್ನಿನ ಬ್ಲೇಡನ್ನು ಸ್ವಲ್ಪ ಎತ್ತರಿಸಿ. ಏಪ್ರಿಲ್ಲಿನಲ್ಲಿ ಆ ವಾರದ ನೀರೂ ನಿಲ್ಲಲಿ, ಗೊಬ್ಬರವಂತೂ ಬೇಡ. ಮಳೆ ಹಿಡಿದು ಎರಡು ವಾರ ಕಳೆದರೂ ಚಿಗುರದ ಜಾಗವಿದ್ದರೆ ಅಷ್ಟಕ್ಕೆ ಮಾತ್ರ ಹೊಸ ಬಳ್ಳಿ ನೆಡಿ. ಅದಕ್ಕೂ ನರ್ಸರಿಗೆ ಹೋಗಬೇಕಿಲ್ಲ, ಕಾಂಪೌಂಡಿನಾಚೆ ಫುಟ್‌ಪಾತಿನ ಬಿರುಕಿನಲ್ಲಿ ಸಿಗುತ್ತದೆ.